ಅಳತೆ ಕೊಟ್ಟು ಮಾಡಿಸಿದ ಸಾಫ್ಟ್ ಲೆನ್ಸ್: ಯಾವುದರಲ್ಲಿ ಉಜ್ಜೋದು, ಯಾವುದರಲ್ಲಿ ನೆನೆಸೋದು?

ನನ್ನ ಲೆನ್ಸ್ ಬರುವುದು ಪುಟ್ಟ ಗಾಜಿನ ಸೀಸೆಯಲ್ಲಿ. ಇಂಜೆಕ್ಷನ್ ಔಷಧಿಯ ಸೀಸೆ ಇರುತ್ತದಲ್ಲ, ಹಾಗೆಯೇ. ರಬ್ಬರ್ ಬಿರಡೆ, ಅದರ ಸುತ್ತ ಅಲ್ಯೂಮಿನಿಯಂ ಪಟ್ಟಿ. ಮೊದಲ ಸಲ ಆ ಪಟ್ಟಿ ಬಿಚ್ಚುವಾಗ ಬೆರಳು ಕುಯ್ದುಕೊಂಡಿದ್ದೆ. ಸೀಸೆಯ ಚೀಟಿಯಲ್ಲಿ ಬಲಗಣ್ಣೋ ಎಡಗಣ್ಣೋ, ಬಾಗು ಎಷ್ಟು, ಅಗಲ ಎಷ್ಟು, ಪವರ್ ಎಷ್ಟು ಎಲ್ಲ ಬರೆದಿರುತ್ತದೆ. ಅಂಗಡಿಯಲ್ಲಿ ಆರರ ಪ್ಯಾಕಿನಲ್ಲಿ ಸಿಗುವ ಲೆನ್ಸ್ ಇದಲ್ಲ. ದರ್ಜಿಗೆ ಅಳತೆ ಕೊಟ್ಟು ರವಿಕೆ ಹೊಲಿಸಿದ ಹಾಗೆ, ನನ್ನ ಕಣ್ಣಿಗೇ ಅಂತ ಕಡೆದು ಮಾಡಿದ್ದು. ಹರಿದರೆ ನಾಳೆ ಬೆಳಿಗ್ಗೆ ಇನ್ನೊಂದು ಸಿಗುವುದಿಲ್ಲ. ಆರ್ಡರ್ ಹಾಕಿ ಕಾಯಬೇಕು. ಕಾಯುವಷ್ಟು ದಿನವೂ ಬಸ್ಸಿನ ಬೋರ್ಡ್ ಓದಲು ಪಕ್ಕದವರನ್ನು ಕೇಳಬೇಕು.

ನನಗಿರುವುದು ಕೆರಟೋಕೋನಸ್. ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ತೆಳ್ಳಗಾಗಿ ಶಂಕುವಿನ ಹಾಗೆ ಮುಂದಕ್ಕೆ ಉಬ್ಬುವ ತೊಂದರೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ. ತೊಂದರೆ ಮುಂದುವರಿದ ಮೇಲೆ ಕನ್ನಡಕ ಸಾಲುವುದಿಲ್ಲ. ಹೆಚ್ಚಿನವರಿಗೆ ಗಟ್ಟಿ ಲೆನ್ಸ್ ಅಥವಾ ಕಣ್ಣಿನ ಬಿಳಿ ಭಾಗದ ಮೇಲೆ ಕೂರುವ ದೊಡ್ಡ ಸ್ಕ್ಲೀರಲ್ ಲೆನ್ಸ್ ಕೊಡುತ್ತಾರೆ. ಅದು ಒಗ್ಗದ ನನ್ನಂಥವರಿಗೆ ನಡುವೆ ದಪ್ಪ ಇರುವ ವಿಶೇಷ ಸಾಫ್ಟ್ ಲೆನ್ಸ್. ಸಿಲಿಂಡರ್ ಪವರ್ ತುಂಬಾ ಜಾಸ್ತಿ ಇರುವವರು, ಹುಟ್ಟಿನಿಂದಲೇ ಬಂದ ಪೊರೆಯನ್ನು ತೆಗೆಸಿಕೊಂಡ ಮಕ್ಕಳು, ಪೆಟ್ಟು ಬಿದ್ದು ಬೆಳ್ಳಗಾದ ಕಣ್ಣನ್ನು ಮುಚ್ಚಲು ಬಣ್ಣ ಬರೆದ ಲೆನ್ಸ್ ಹಾಕುವವರು, ಇವರೆಲ್ಲ ಇದೇ ಗುಂಪಿನವರು. ದಿನಕ್ಕೊಂದು ಹಾಕಿ ಬಿಸಾಡುವ ಸುಖ ನಮಗಿಲ್ಲ. ಒಂದು ಜೊತೆಯನ್ನು ಮೂರು ತಿಂಗಳು, ಕೆಲವರು ಅದಕ್ಕೂ ಜಾಸ್ತಿ ಬಳಸುತ್ತಾರೆ. ಮೂರು ತಿಂಗಳು ಅಂದರೆ 90 ರಾತ್ರಿ ತೊಳೆಯುವ ಕೆಲಸ.

ಲೆನ್ಸ್ ತೊಳೆದು ನೆನೆಸಿಡುವ ದ್ರವ, ಅಂದರೆ ಸಲ್ಯೂಷನ್, ತರಲು ಅಂಗಡಿಗೆ ಹೋದರೆ ಕೇಳುವುದು, ‘ಯಾವ ಬ್ರ್ಯಾಂಡ್ ಬೇಕು?’ ನನ್ನನ್ನು ಕೇಳಿದರೆ ಮೊದಲು ಕೇಳಬೇಕಾದದ್ದು ಬೇರೆ. ನೀವು ರಾತ್ರಿ ಎಲ್ಲಿ ಮಲಗುತ್ತೀರಿ? ಎಷ್ಟು ಗಂಟೆ ಮಲಗುತ್ತೀರಿ? ಮಲಗುವ ಹೊತ್ತಿಗೆ ಎಷ್ಟು ಸುಸ್ತಾಗಿರುತ್ತೀರಿ? ಇದಕ್ಕೆ ಉತ್ತರ ಸಿಕ್ಕರೆ ಸಲ್ಯೂಷನ್ ಯಾವುದು ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ತೊಳೆಯುವುದು ಬೇರೆ, ರೋಗಾಣು ಕೊಲ್ಲುವುದು ಬೇರೆ

ಹಾಲಿನ ಪಾತ್ರೆಯನ್ನು ತಿಕ್ಕದೆ ಸುಮ್ನೆ ಬಿಸಿನೀರು ಸುರಿದರೆ ಕೆನೆ ಹೋಗುತ್ತದೆಯೇ? ಲೆನ್ಸ್ ಕೂಡ ಹಾಗೆ. ದಿನವಿಡೀ ಕಣ್ಣಿನಲ್ಲಿದ್ದ ಲೆನ್ಸ್‌ಗೆ ಕಣ್ಣೀರಿನ ಪ್ರೋಟೀನ್, ಜಿಡ್ಡು, ಧೂಳು, ಕಾಡಿಗೆ ಎಲ್ಲ ಅಂಟಿರುತ್ತದೆ. ಅದನ್ನು ಬೆರಳಿನಿಂದ ಉಜ್ಜಿ ತೆಗೆಯಬೇಕು. ಆಮೇಲೆ ಉಳಿದ ರೋಗಾಣುಗಳನ್ನು ಕೊಲ್ಲಲು ಗಂಟೆಗಟ್ಟಲೆ ನೆನೆಸಬೇಕು. ಒಂದು ಮಾಡಿ ಇನ್ನೊಂದು ಬಿಟ್ಟರೆ ಅರ್ಧ ಕೆಲಸ.

ಸಲೈನ್ ಇವೆರಡನ್ನೂ ಮಾಡುವುದಿಲ್ಲ. ಅದು ಬರೀ ಉಪ್ಪುನೀರು, ಜಾಲಿಸಲು ಮಾತ್ರ. ಬೆಲೆ ಕಡಿಮೆ ಅಂತ ರಾತ್ರಿಯಿಡೀ ಸಲೈನ್‌ನಲ್ಲಿ ಲೆನ್ಸ್ ಇಡುವವರನ್ನು ನೋಡಿದ್ದೇನೆ. ಲೆನ್ಸ್ ಒಣಗುವುದಿಲ್ಲ ಅಷ್ಟೇ, ರೋಗಾಣು ಸಾಯುವುದಿಲ್ಲ. ಹಿಂದೆ ಅಮೆರಿಕದಲ್ಲಿ ಉಪ್ಪಿನ ಮಾತ್ರೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಮನೆಯಲ್ಲೇ ಸಲೈನ್ ಮಾಡಿಕೊಳ್ಳುವ ರೂಢಿ ಇತ್ತು. 1980ರ ದಶಕದಲ್ಲಿ ಅಕಾಂತಮೀಬ ಎಂಬ ಸೂಕ್ಷ್ಮಜೀವಿಯಿಂದ ಹಲವರ ಕಾರ್ನಿಯಾ ಹಾಳಾದಾಗ ಬೆರಳು ತೋರಿದ್ದು ಆ ಮನೆ ಸಲೈನಿನ ಕಡೆಗೇ.

ಹಾಗಾಗಿ ನಿಜವಾದ ಆಯ್ಕೆ ಇರುವುದು ಎರಡರ ನಡುವೆ. ಮಲ್ಟಿಪರ್ಪಸ್ ಸಲ್ಯೂಷನ್, ಅಥವಾ ಹೈಡ್ರೋಜನ್ ಪೆರಾಕ್ಸೈಡ್.

ಮಲ್ಟಿಪರ್ಪಸ್: ಒಂದೇ ಬಾಟಲಿಯ ಸಂಸಾರ

ಬಯೋಟ್ರೂ, ರೆನ್ಯೂ, ಆಪ್ಟಿ-ಫ್ರೀ, ಹೆಸರು ಯಾವುದಾದರೂ ಇರಲಿ, ಕೆಲಸ ಒಂದೇ. ಉಜ್ಜಲೂ ಅದೇ, ಜಾಲಿಸಲೂ ಅದೇ, ನೆನೆಸಲೂ ಅದೇ. ಬೆಳಿಗ್ಗೆ ಡಬ್ಬಿಯಿಂದ ತೆಗೆದು ನೇರವಾಗಿ ಕಣ್ಣಿಗೆ ಹಾಕಬಹುದು. ನೆನೆಸುವ ಹೊತ್ತು ಕೆಲವಕ್ಕೆ 4 ಗಂಟೆ, ಕೆಲವಕ್ಕೆ 6 ಗಂಟೆ. ಬಾಟಲಿಯ ಮೇಲೆ ಬರೆದಿರುತ್ತದೆ, ಒಮ್ಮೆ ಓದಿಕೊಳ್ಳಿ. ಮಧ್ಯಾಹ್ನ ಅರ್ಧ ಗಂಟೆ ಕಣ್ಣು ಮುಚ್ಚಬೇಕು ಅನ್ನಿಸಿದರೆ ತೆಗೆದಿಟ್ಟು ಮತ್ತೆ ಹಾಕಿಕೊಳ್ಳಬಹುದು. ಅಷ್ಟರಲ್ಲಿ ರೋಗಾಣು ಸಾಯುವುದಿಲ್ಲ ನಿಜ, ಆದರೆ ಕಣ್ಣು ಉರಿಯುವುದೂ ಇಲ್ಲ. ಜಿಲ್ಲಾ ಕೇಂದ್ರಗಳಲ್ಲಿ ಸುಲಭವಾಗಿ ಸಿಗುತ್ತದೆ.

ಇದರ ತೊಂದರೆ ಏನು? ರೋಗಾಣು ಕೊಲ್ಲುವ ರಾಸಾಯನಿಕ ಬೆಳಿಗ್ಗೆಯೂ ಲೆನ್ಸ್‌ನಲ್ಲೇ ಇರುತ್ತದೆ. ಸಾಫ್ಟ್ ಲೆನ್ಸ್ ನೀರು ಹೀರುವ ವಸ್ತು. ನೀರಿನ ಜೊತೆ ನೀರಿನಲ್ಲಿ ಇರುವುದನ್ನೂ ಹೀರುತ್ತದೆ. ನಮ್ಮ ಲೆನ್ಸ್ ದಪ್ಪ ಬೇರೆ, ಹಾಗಾಗಿ ಹೀರುವುದೂ ಜಾಸ್ತಿ. ಹಾಕಿಕೊಂಡ ಮೇಲೆ ಅದು ಮೆಲ್ಲಗೆ ಕಣ್ಣಿಗೆ ಇಳಿಯುತ್ತದೆ. ಎಷ್ಟೋ ಜನಕ್ಕೆ ಏನೂ ಆಗುವುದಿಲ್ಲ. ಕೆಲವರಿಗೆ ಹಾಕಿದ ಒಂದೆರಡು ಗಂಟೆಯಲ್ಲಿ ಚುರುಚುರು, ಸಂಜೆಯ ಹೊತ್ತಿಗೆ ಕೆಂಪು. ಕೆರಟೋಕೋನಸ್ ಇರುವ ಹಲವರಿಗೆ ಅಲರ್ಜಿಯ ಕಾಟವೂ ಇರುತ್ತದೆ. ಕಣ್ಣು ತುರಿಸುತ್ತದೆ, ಉಜ್ಜುತ್ತೇವೆ. ಉಜ್ಜಿದಷ್ಟೂ ಕಾರ್ನಿಯಾಗೆ ಕೆಟ್ಟದ್ದು. ತುರಿಕೆ ತರಿಸುವ ಸಲ್ಯೂಷನ್ ನಮಗೆ ಎರಡು ಪಟ್ಟು ನಷ್ಟ.

ಇನ್ನೊಂದು ತೊಂದರೆ ಸಲ್ಯೂಷನ್‌ನದ್ದಲ್ಲ, ನಮ್ಮದು. ಸುಲಭ ಆದದ್ದರಲ್ಲಿ ಸೋಮಾರಿತನ ಬೇಗ ಬರುತ್ತದೆ. ಡಬ್ಬಿಯಲ್ಲಿ ನಿನ್ನೆಯದು ಉಳಿದಿದೆಯಲ್ಲ, ಅದರ ಮೇಲೆ ನಾಲ್ಕು ಹನಿ ಹಾಕಿದರಾಯಿತು ಅನ್ನಿಸುತ್ತದೆ. ಇಡ್ಲಿ ಹಿಟ್ಟಿಗೆ ಹಳೇ ಹಿಟ್ಟು ಬೆರೆಸಿದರೆ ಚೆನ್ನಾಗಿ ಹುಳಿಬರುತ್ತದೆ ಅಲ್ವಾ? ಇಲ್ಲಿಯೂ ಹಾಗೇ ಬೆಳೆಯುತ್ತದೆ, ಆದರೆ ಬೆಳೆಯುವುದು ಬೇರೆ. 2006ರಲ್ಲಿ ‘ರೆನ್ಯೂ ವಿತ್ ಮಾಯ್ಸ್ಚರ್‌ಲಾಕ್’ ಬಳಸಿದ ಬಹಳ ಜನಕ್ಕೆ ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಕಾರ್ನಿಯಾ ಸೋಂಕು ಬಂತು. ಕಂಪನಿ ಅದನ್ನು ಜಗತ್ತಿನ ಮಾರುಕಟ್ಟೆಯಿಂದಲೇ ವಾಪಸ್ ತೆಗೆದುಕೊಂಡಿತು. ಮರುವರ್ಷ 2007ರಲ್ಲಿ ‘ಕಂಪ್ಲೀಟ್ ಮಾಯ್ಸ್ಚರ್‌ಪ್ಲಸ್’ ಎಂಬ ಇನ್ನೊಂದು ಸಲ್ಯೂಷನ್ ಅಕಾಂತಮೀಬದ ಕಾರಣಕ್ಕೆ ಹಿಂದೆ ಹೋಯಿತು. ಎರಡೂ ಸಲ ತನಿಖೆಯಲ್ಲಿ ಹಳೇ ಸಲ್ಯೂಷನ್ ಚೆಲ್ಲದೆ ಹೊಸದನ್ನು ಸುರಿಯುವ ಅಭ್ಯಾಸದ ಮಾತು ಬಂತು. ಆ ಕಾಲದ ಬಾಟಲಿಗಳ ಮೇಲೆ ‘ಉಜ್ಜಬೇಕಿಲ್ಲ’ ಅಂತ ದೊಡ್ಡದಾಗಿ ಬರೆದಿರುತ್ತಿತ್ತು. ಆಮೇಲೆ ಕಣ್ಣಿನ ಡಾಕ್ಟರುಗಳು ಮತ್ತೆ ಉಜ್ಜಿ ಅನ್ನತೊಡಗಿದರು.

ಪೆರಾಕ್ಸೈಡ್: ಚೆನ್ನಾಗಿ ತೊಳೆಯುತ್ತದೆ, ತಪ್ಪನ್ನು ಕ್ಷಮಿಸುವುದಿಲ್ಲ

ಎಒಸೆಪ್ಟ್ ಅಂತ ಸಿಗುವುದು ಇದೇ. ಕೆಲವು ದೇಶಗಳಲ್ಲಿ ಕ್ಲಿಯರ್ ಕೇರ್ ಅನ್ನುತ್ತಾರೆ. ನೂರಕ್ಕೆ 3 ಭಾಗ ಹೈಡ್ರೋಜನ್ ಪೆರಾಕ್ಸೈಡ್. ಇದರ ಡಬ್ಬಿ ಚಪ್ಪಟೆ ಇಲ್ಲ, ಉದ್ದನೆಯ ಲೋಟದ ಹಾಗೆ. ಮುಚ್ಚಳಕ್ಕೆ ಎರಡು ಪುಟ್ಟ ಬುಟ್ಟಿ ಜೋಡಿಸಿರುತ್ತದೆ, ಒಂದು ಬಲಕ್ಕೆ, ಒಂದು ಎಡಕ್ಕೆ. ಕೆಳಗೆ ಪ್ಲಾಟಿನಂ ಲೇಪದ ಒಂದು ಬಿಲ್ಲೆ. ಲೋಟಕ್ಕೆ ಗೆರೆಯವರೆಗೆ ಸಲ್ಯೂಷನ್ ಹಾಕಿ ಬುಟ್ಟಿ ಇಳಿಸಿದರೆ ಸೋಡಾ ಬಾಟಲಿ ತೆಗೆದ ಹಾಗೆ ಗುಳ್ಳೆ ಏಳುತ್ತದೆ. ಪ್ಲಾಟಿನಂ ತಗುಲಿ ಪೆರಾಕ್ಸೈಡ್ ಒಡೆದು ನೀರು ಮತ್ತು ಆಮ್ಲಜನಕ ಆಗುತ್ತಿರುತ್ತದೆ. ಮೊದಲು ಜೋರು, ಆಮೇಲೆ ನಿಧಾನ. 6 ಗಂಟೆ ಕಳೆದರೆ ಲೋಟದಲ್ಲಿ ಉಳಿಯುವುದು ಹೆಚ್ಚುಕಡಿಮೆ ಸಲೈನ್. ಕಣ್ಣಿಗೆ ಇಳಿಯುವ ಸಂರಕ್ಷಕ ರಾಸಾಯನಿಕ ಇರುವುದಿಲ್ಲ. ಅಲರ್ಜಿ ಕಣ್ಣಿನವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಸಲ್ಯೂಷನ್ ಬದಲಿಸಿದ ಎರಡೇ ವಾರದಲ್ಲಿ ನನ್ನ ಸಂಜೆಯ ಕೆಂಪು ಹೋಯಿತು.

ಆದರೆ 6 ಗಂಟೆ ಅಂದರೆ 6 ಗಂಟೆ. ಐದೂವರೆ ಅಲ್ಲ. ಆ ಬಿಲ್ಲೆ ಇಲ್ಲದ ಮಾಮೂಲಿ ಡಬ್ಬಿಯಲ್ಲಿ ಹಾಕಿದರೆ ಹತ್ತು ಗಂಟೆ ಆದರೂ ಪೆರಾಕ್ಸೈಡ್ ಪೆರಾಕ್ಸೈಡೇ. ಅದಕ್ಕೇ ಬಾಟಲಿಯ ಮೂತಿಯನ್ನು ಕೆಂಪು ಮಾಡಿರುತ್ತಾರೆ.

ಆ ಕೆಂಪು ನನಗೆ ಒಂದು ದಿನ ಕಾಣಿಸಲಿಲ್ಲ. ಬೆಳಗಿನ ಐದು ಗಂಟೆ. ಲೆನ್ಸ್ ಇಲ್ಲದೆ ನನಗೆ ಕೆಂಪು ಮೂತಿಯೂ ಬಿಳಿ ಮೂತಿಯೂ ಒಂದೇ. ಸಲೈನ್ ಬಾಟಲಿ ಪಕ್ಕದಲ್ಲೇ ಇತ್ತು. ಕೈಗೆ ಸಿಕ್ಕಿದ್ದನ್ನು ತೆಗೆದು ಲೆನ್ಸ್ ಮೇಲೆ ಎರಡು ಹನಿ ಬಿಟ್ಟು ಕಣ್ಣಿಗೆ ಹಾಕಿದೆ. ಮೆಣಸಿನಕಾಯಿ ಹೆಚ್ಚಿದ ಕೈ ಕಣ್ಣಿಗೆ ತಾಗಿದ್ದುಂಟಾ? ಅದರ ಹತ್ತು ಪಟ್ಟು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು. ಮುಚ್ಚಿದ ಕಣ್ಣಿನಿಂದ ಲೆನ್ಸ್ ತೆಗೆಯುವುದು ಹೇಗೆ? ಅಮ್ಮ ರೆಪ್ಪೆ ಬಿಡಿಸಿ ಹಿಡಿದುಕೊಂಡರು, ನಾನು ಲೆನ್ಸ್ ಎಳೆದೆ, ಅವರು ಇಡೀ ಸಲೈನ್ ಬಾಟಲಿ ಕಣ್ಣಿಗೆ ಸುರಿದರು. ‘ಇಷ್ಟು ಓದಿದೀ, ಬಾಟ್ಲಿ ನೋಡಿ ಹಾಕ್ಕೊಳ್ಳೋಕೆ ಆಗಲ್ವಾ?’ ಅಂತ ಬೈಗುಳ ಬೇರೆ. ಕಾರ್ನಿಯಾದ ಮೇಲ್ಪದರ ಸ್ವಲ್ಪ ಕೆರೆದುಕೊಂಡಿದೆ ಅಂದರು ಡಾಕ್ಟರು. ಮೂರು ದಿನಕ್ಕೆ ಸರಿಹೋಯಿತು. ಅವತ್ತಿನಿಂದ ಕೆಂಪು ಮೂತಿಯ ಬಾಟಲಿ ಅಲ್ಮೇರಾದ ಒಳಗೆ, ಅದರ ಸುತ್ತ ಎರಡು ರಬ್ಬರ್ ಬ್ಯಾಂಡ್. ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗಬೇಕು.

ನಿಮಗೂ ಹೀಗಾದರೆ ಲೆನ್ಸ್ ತೆಗೆದು ಸಲೈನ್ ಅಥವಾ ಶುದ್ಧ ನೀರಿನಿಂದ ಕಣ್ಣನ್ನು ಹತ್ತು ಹದಿನೈದು ನಿಮಿಷ ತೊಳೆಯಿರಿ, ಡಾಕ್ಟರಿಗೆ ತೋರಿಸಿ. ಲೆನ್ಸ್‌ಗೆ ಏನೂ ಆಗಿರುವುದಿಲ್ಲ. ಮತ್ತೆ ಲೋಟದಲ್ಲಿ ಪೂರ್ತಿ ಹೊತ್ತು ನೆನೆಸಿದರೆ ಸರಿ.

ಗಾಯ ತೊಳೆಯಲು ಮೆಡಿಕಲ್ ಶಾಪಿನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಇದಲ್ಲ. ಹೆಸರು ಒಂದೇ, ಬೆಲೆ ಕಡಿಮೆ ಅಂತ ಅದನ್ನು ಲೋಟಕ್ಕೆ ಹಾಕಬೇಡಿ.

ಪೆರಾಕ್ಸೈಡ್‌ಗೆ ದುಡ್ಡು ಜಾಸ್ತಿ. ಒಂದು ರಾತ್ರಿಗೆ ಸುಮಾರು 10 ಮಿಲಿ ಬೇಕು, 360 ಮಿಲಿ ಬಾಟಲಿ ತಿಂಗಳ ಮೇಲೆ ಐದಾರು ದಿನ ಬರುತ್ತದೆ. ಊರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ನಾನು ಬೆಂಗಳೂರಿನಿಂದ ಎರಡೆರಡು ಹೊತ್ತುಕೊಂಡು ಹುಬ್ಬಳ್ಳಿಗೆ ಹೋಗುತ್ತೇನೆ. ಹೊಸ ಬಾಟಲಿಯ ಜೊತೆ ಹೊಸ ಲೋಟ ಬರುತ್ತದೆ. ಹಳೆಯದು ಚೆನ್ನಾಗೇ ಇದೆಯಲ್ಲ ಅಂತ ಇಟ್ಟುಕೊಳ್ಳಬೇಡಿ. ಪ್ಲಾಟಿನಂ ಲೇಪ ಬಳಸಿದಷ್ಟೂ ಸೋಲುತ್ತದೆ. ಸೋತಿರುವುದು ಗೊತ್ತಾಗುವುದು ಕಣ್ಣು ಉರಿದ ಮೇಲೆ.

ಯಾರಿಗೆ ಯಾವುದು

ದಿನಾ ಒಂದೇ ಮನೆಯಲ್ಲಿ ಮಲಗಿ, ಏಳು ಗಂಟೆ ನಿದ್ದೆ ಮಾಡುವವರು, ಕಣ್ಣು ಸೂಕ್ಷ್ಮ ಇರುವವರು ಪೆರಾಕ್ಸೈಡ್ ತಗೊಳ್ಳಿ. ಇದರಲ್ಲಿ ನನಗೆ ಅನುಮಾನವಿಲ್ಲ.

ನೈಟ್ ಶಿಫ್ಟಿನವರ ಕಥೆ ಬೇರೆ. ಕ್ಯಾಬ್ ಇಳಿದು ಮಲಗುವಾಗ ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಎರಡಕ್ಕೆ ಗ್ಯಾಸ್ ಸಿಲಿಂಡರಿನವನು ಬೆಲ್ ಮಾಡುತ್ತಾನೆ. 5 ಗಂಟೆ ನಿದ್ದೆಗೆ ಪೆರಾಕ್ಸೈಡ್ ಹೊಂದುವುದಿಲ್ಲ. ಇಂಥವರು 4 ಗಂಟೆಯ ಮಲ್ಟಿಪರ್ಪಸ್ ಆರಿಸಿ, ಆದರೆ ಉಜ್ಜುವುದರಲ್ಲಿ ಕಂಜೂಸಿ ಬೇಡ. ಇಲ್ಲವೇ ಎದ್ದ ಮೇಲೆ ಎರಡು ಗಂಟೆ ಕನ್ನಡಕದಲ್ಲಿ ಕಳೆಯಿರಿ, ಕೆರಟೋಕೋನಸ್‌ನವರಿಗೆ ಅದು ಹೇಳಿದಷ್ಟು ಸುಲಭ ಅಲ್ಲ ಅಂತ ನನಗೂ ಗೊತ್ತು.

ಹಾಸ್ಟೆಲ್, ಪಿಜಿಯಲ್ಲಿ ಇರುವವರು? ನಾಲ್ಕು ಜನ ಒಂದು ಕೋಣೆ, ಒಂದು ಕಪಾಟು. ನಿಮ್ಮ ರೂಮ್‌ಮೇಟ್ ಕೂಡ ಲೆನ್ಸ್ ಹಾಕುತ್ತಿದ್ದರೆ ‘ಸ್ವಲ್ಪ ಸಲ್ಯೂಷನ್ ಕೊಡೇ’ ಅಂತ ಎತ್ತಿಕೊಂಡು ಹೋಗುವುದು ಕೆಂಪು ಮೂತಿಯದ್ದನ್ನೇ. ಅಂಥ ಕಡೆ ಮಲ್ಟಿಪರ್ಪಸ್ ಕ್ಷೇಮ. ಮಗುವಿನ ಲೆನ್ಸ್ ಆದರೆ ಅಪ್ಪ, ಅಮ್ಮ, ಅಜ್ಜಿ ಮೂವರೂ ಸರದಿಯಲ್ಲಿ ತೊಳೆಯುತ್ತಾರೆ. ಮೂವರಿಗೂ ಒಂದೇ ಕ್ರಮ ಗೊತ್ತಿರುವ ಸಲ್ಯೂಷನ್ ಇಟ್ಟುಕೊಳ್ಳಿ, ಯಾವುದಾದರೂ ಸರಿ.

ಪ್ರಯಾಣಕ್ಕೆ ಪೆರಾಕ್ಸೈಡ್ ಬೇಡವೇ ಬೇಡ. ಗುಳ್ಳೆಯ ಗಾಳಿ ಹೊರಹೋಗಲು ಲೋಟದ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ. ಲೋಟ ನೆಟ್ಟಗೆ ನಿಂತಿರಬೇಕು. ಹುಬ್ಬಳ್ಳಿಯಿಂದ ಬರುವ ಸ್ಲೀಪರ್ ಬಸ್ಸಿನಲ್ಲಿ ಯಾವುದು ನೆಟ್ಟಗಿರುತ್ತದೆ ಹೇಳಿ? ಒಮ್ಮೆ ತುಮಕೂರು ದಾಟುವಾಗ ಎಚ್ಚರವಾಗಿ ನೋಡಿದರೆ ಬ್ಯಾಗೆಲ್ಲ ಒದ್ದೆ, ಲೋಟದಲ್ಲಿ ಕಾಲು ಭಾಗ, ಒಂದು ಲೆನ್ಸಿನ ಅಂಚು ಹಪ್ಪಳದ ಹಾಗೆ ಒಣಗಿ ಮೇಲೆದ್ದಿತ್ತು. ಈಗ ಪ್ರಯಾಣಕ್ಕೆ 100 ಮಿಲಿಗಿಂತ ಸಣ್ಣ ಮಲ್ಟಿಪರ್ಪಸ್ ಬಾಟಲಿ, ಚಪ್ಪಟೆ ಡಬ್ಬಿ. ವಿಮಾನದ ಕೈಚೀಲಕ್ಕೂ ಅದು ಹೊಂದುತ್ತದೆ. ದೊಡ್ಡ ಬಾಟಲಿಯಿಂದ ಪುಟ್ಟ ಬಾಟಲಿಗೆ ಬಗ್ಗಿಸಿಕೊಂಡು ಹೋಗುವ ಜಾಣತನ ಮಾತ್ರ ಬೇಡ. ಸಲ್ಯೂಷನ್‌ನ ಶುದ್ಧತೆ ಅಲ್ಲಿಗೇ ಮುಗಿಯಿತು. ಒಣಗಿದ ಲೆನ್ಸನ್ನು ಬೆರಳಿನಲ್ಲಿ ಬಿಡಿಸಲು ಹೋದರೆ ಪಟ್ ಅಂತ ಮುರಿಯುತ್ತದೆ. ಸಲ್ಯೂಷನ್‌ನಲ್ಲಿ ಮುಳುಗಿಸಿ ಬಿಡಿ, ತಾನಾಗಿ ಮೆತ್ತಗಾಗಲಿ. ಆಮೇಲೂ ಲೆನ್ಸ್ ಕೊಟ್ಟವರಿಗೆ ತೋರಿಸದೆ ಹಾಕಬೇಡಿ. ಅಂಚಿನ ಸಣ್ಣ ಸೀಳು ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಲೆನ್ಸನ್ನು ಕೆಲವು ದಿನ ಹಾಕದೆ ಇಡುವವರಿಗೆ ಇನ್ನೊಂದು ವ್ಯತ್ಯಾಸ ಮುಖ್ಯ. ಪೆರಾಕ್ಸೈಡ್ ಒಡೆದು ಮುಗಿದ ಮೇಲೆ ಲೋಟದಲ್ಲಿ ಕಾವಲುಗಾರ ಯಾರೂ ಇಲ್ಲ. ಅದರಲ್ಲಿ ತಿಂಗಳುಗಟ್ಟಲೆ ಬಿಡುವ ಹಾಗಿಲ್ಲ. ಹೆಚ್ಚೆಂದರೆ ವಾರ, ಆಮೇಲೆ ಹೊಸ ಸಲ್ಯೂಷನ್‌ನಲ್ಲಿ ಮತ್ತೆ ಪೂರ್ತಿ ಹೊತ್ತು. ಮಲ್ಟಿಪರ್ಪಸ್‌ನಲ್ಲಿ ಎಷ್ಟು ದಿನ ಇಡಬಹುದು ಅಂತ ಬಾಟಲಿಯ ಚೀಟಿಯೇ ಹೇಳುತ್ತದೆ.

ಲೆನ್ಸ್ ಯಾವ ವಸ್ತುವಿನದ್ದು ಅಂತ ಕೇಳಿದ್ದೀರಾ?

ಇದನ್ನು ಕೇಳುವವರು ಕಡಿಮೆ. 1961ರ ಕ್ರಿಸ್‌ಮಸ್ ಹೊತ್ತಿಗೆ ಪ್ರಾಗ್‌ನಲ್ಲಿ ಒಟ್ಟೊ ವಿಖ್ಟರ್ಲೆ ಎಂಬ ವಿಜ್ಞಾನಿ ಮಗನ ಲೋಹದ ಪಟ್ಟಿ ಜೋಡಿಸುವ ಮೆಕ್ಯಾನೋ ಥರದ ಆಟಿಕೆ, ಸೈಕಲ್ ಡೈನಮೊ ಜೋಡಿಸಿ ಮನೆಯಲ್ಲೇ ಸಾಫ್ಟ್ ಲೆನ್ಸ್ ಮಾಡಿದರು. ಅವರು ಬಳಸಿದ್ದು ಹೆಮಾ ಎಂಬ ನೀರು ಹೀರುವ ಪ್ಲಾಸ್ಟಿಕ್. ಅದರ ವಂಶದ ಲೆನ್ಸ್‌ಗಳು ಇವತ್ತಿಗೂ ಇವೆ. 1990ರ ದಶಕದ ಕೊನೆಗೆ ಸಿಲಿಕೋನ್ ಹೈಡ್ರೋಜೆಲ್ ಬಂತು, ಇದು ಕಣ್ಣಿಗೆ ಆಮ್ಲಜನಕವನ್ನು ಜಾಸ್ತಿ ಬಿಡುತ್ತದೆ.

ತೊಳೆಯುವವರಿಗೆ ಇದರಿಂದ ಏನು? ನೀರಿನಂಶ ಜಾಸ್ತಿ ಇರುವ ಹಳೇ ಬಗೆಯ ಲೆನ್ಸ್‌ಗಳಿಗೆ, ಅದರಲ್ಲೂ ವಿದ್ಯುದಂಶ ಇರುವ ಬಗೆಗೆ, ಕಣ್ಣೀರಿನ ಪ್ರೋಟೀನ್ ಬೇಗ ಅಂಟುತ್ತದೆ. ಮಂಜು ಕವಿದ ಹಾಗೆ ಬಿಳಿ ಪೊರೆ. ಸಿಲಿಕೋನ್‌ಗೆ ಜಿಡ್ಡು ಅಂಟುತ್ತದೆ. ಬೆಳಕಿಗೆ ಹಿಡಿದರೆ ಸಾರಿನ ಮೇಲೆ ಎಣ್ಣೆ ತೇಲಿದ ಹಾಗೆ ಕಾಣುತ್ತದೆ. ಮೊದಲನೆಯದಕ್ಕೆ ವಾರಕ್ಕೊಮ್ಮೆ ಪ್ರೋಟೀನ್ ತೆಗೆಯುವ ಎನ್ಜೈಮ್ ಮಾತ್ರೆ. ಇಂಥ ಮಾತ್ರೆಗಳಲ್ಲಿ ಕೆಲವು ಪರಂಗಿ ಕಾಯಿಯ ಪಪೈನ್‌ನಿಂದ ಮಾಡಿದವು. ಮಾಂಸ ಬೇಗ ಬೇಯಲಿ ಅಂತ ಪರಂಗಿ ಕಾಯಿ ಹಾಕುತ್ತಾರಲ್ಲ, ಅದೇ ಕೆಲಸ ಇಲ್ಲಿಯೂ. ಎರಡನೆಯದಕ್ಕೆ ಎನ್ಜೈಮ್ ಮಾತ್ರೆಯಿಂದ ಹೆಚ್ಚು ಉಪಯೋಗವಿಲ್ಲ. ನೊರೆ ಅಂಶ ಇರುವ ಡೈಲಿ ಕ್ಲೀನರ್ ಹಾಕಿ ಉಜ್ಜಬೇಕು. ನಾನು ಪೆರಾಕ್ಸೈಡ್‌ಗೆ ಇಳಿಸುವ ಮೊದಲು ದಿನಾ ಹಾಗೆ ಉಜ್ಜಿ ಸಲೈನ್‌ನಲ್ಲಿ ಜಾಲಿಸುತ್ತೇನೆ. ಗುಳ್ಳೆಯೇ ಎಲ್ಲ ತೆಗೆಯುತ್ತದೆ ಅನ್ನುವವರ ಮಾತು ಎರಡು ವಾರದ ಲೆನ್ಸ್‌ಗೆ ಸರಿ ಇರಬಹುದು, ಮೂರು ತಿಂಗಳ ಲೆನ್ಸ್‌ಗೆ ಸಾಲದು.

ಉಜ್ಜುವ ರೀತಿ: ಅಂಗೈ ಗುಳಿಯಲ್ಲಿ ಲೆನ್ಸ್, ಮೇಲೆ ಮೂರ್ನಾಲ್ಕು ಹನಿ, ತೋರುಬೆರಳಿನ ಮೆತ್ತನೆ ಭಾಗದಿಂದ ಹಿಂದಕ್ಕೆ ಮುಂದಕ್ಕೆ. ಒಂದು ಬದಿ ಇಪ್ಪತ್ತು ಎಣಿಸುವಷ್ಟು, ಮಗುಚಿ ಇನ್ನೊಂದು ಬದಿ. ಉಗುರು ತಾಗಬಾರದು. ಯಾವಾಗಲೂ ಬಲಗಣ್ಣಿನದು ಮೊದಲು. ನಮ್ಮ ಎರಡು ಲೆನ್ಸ್‌ಗಳು ಅಣ್ಣ ತಮ್ಮಂದಿರಂತೆ ಕಂಡರೂ ಒಂದರ ಜಾಗ ಇನ್ನೊಂದಕ್ಕೆ ಆಗುವುದಿಲ್ಲ. ತಿರುವುಮುರುವಾಗಿದೆಯೇ ಅಂತ ತಿಳಿಯಲು ನಡುವೆ ಮೆಲ್ಲಗೆ ಒತ್ತಿ ನೋಡಿ. ಕರ್ಜಿಕಾಯಿ ಮಡಿಸಿದ ಹಾಗೆ ಅಂಚುಗಳು ಒಳಕ್ಕೆ ಬಂದರೆ ಸರಿ, ಹೊರಕ್ಕೆ ಮೊಗಚಿಕೊಂಡರೆ ತಿರುಗಿಸಿ.

ಬಣ್ಣ ಬರೆದ ಲೆನ್ಸ್ ಇರುವವರು ಮೇಲಿನದ್ದನ್ನೆಲ್ಲ ಹಾಗೇ ಪಾಲಿಸಬೇಡಿ. ಕೆಲವು ಬಗೆಯ ಬಣ್ಣ ಪೆರಾಕ್ಸೈಡ್‌ಗೆ, ಆಲ್ಕೋಹಾಲ್ ಇರುವ ಕ್ಲೀನರ್‌ಗೆ ಮಾಸುತ್ತದೆ. ಲೆನ್ಸ್ ಮಾಡಿದ ಲ್ಯಾಬ್ ಏನು ಹೇಳಿದೆಯೋ ಅದೇ ಕೊನೆಯ ಮಾತು. ಚೀಟಿ ಕೊಟ್ಟಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಕೆಳಗೆ ಸಾಫ್ಟ್, ಅದರ ಮೇಲೆ ಗಟ್ಟಿ ಲೆನ್ಸ್, ಹೀಗೆ ಎರಡು ಹಾಕುವವರೂ ಇದ್ದಾರೆ. ಇವರ ಮನೆಯಲ್ಲಿ ಗಟ್ಟಿ ಲೆನ್ಸಿನ ಮಂದ ಸಲ್ಯೂಷನ್ ಇರುತ್ತದೆ, ಅದು ಸಾಫ್ಟ್ ಲೆನ್ಸ್‌ಗೆ ತಾಗಬಾರದು. ಪ್ರೋಟೀನ್ ತೆಗೆಯಲು ಜೋಡಿ ಸೀಸೆಯಲ್ಲಿ ಬರುವ ಪ್ರೋಜೆಂಟ್ ಎಂಬ ದ್ರವವಂತೂ ಗಟ್ಟಿ ಲೆನ್ಸ್‌ಗೆ ಮಾತ್ರ. ಪೆರಾಕ್ಸೈಡ್ ಎರಡಕ್ಕೂ ಆಗುತ್ತದೆ, ಅದೊಂದು ಅನುಕೂಲ.

ನೀರು, ಕೈ, ಡಬ್ಬಿ

ಬಾಟಲಿಯ ಬಗ್ಗೆ ಇಷ್ಟು ಮಾತಾಡಿ ನಲ್ಲಿ ನೀರಿನ ಬಗ್ಗೆ ಹೇಳದಿದ್ದರೆ ಏನು ಬಂತು? ಅಕಾಂತಮೀಬ ಇರುವುದು ನೀರಿನಲ್ಲಿ, ಮಣ್ಣಿನಲ್ಲಿ. ಸಂಪು, ಮೇಲಿನ ಟ್ಯಾಂಕು, ಟ್ಯಾಂಕರ್ ನೀರು, ಬೋರ್‌ವೆಲ್, ಯಾವುದೂ ಬೇಡ. ಫಿಲ್ಟರ್ ನೀರೂ ಬೇಡ. ಈ ಜೀವಿ ಗಟ್ಟಿ ಕವಚ ಹೊದ್ದು ಕುಳಿತರೆ ಕೊಲ್ಲುವುದು ಕಷ್ಟ. ಪೆರಾಕ್ಸೈಡ್ ಬಳಸುತ್ತೇನೆ ಅಂತ ಧೈರ್ಯ ಬೇಡ. ಲೆನ್ಸ್ ಹಾಕಿಕೊಂಡು ಸ್ನಾನ ಇಲ್ಲ, ಈಜು ಇಲ್ಲ. ಯುಗಾದಿಯ ಎಣ್ಣೆಸ್ನಾನದ ದಿನ ಲೆನ್ಸ್‌ಗೂ ಹಬ್ಬ, ಮಧ್ಯಾಹ್ನದವರೆಗೆ ರಜೆ ಕೊಡಿ.

ಕೈ ತೊಳೆಯಲು ನೀರು ಬೇಕೇ ಬೇಕು. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ, ಆಮೇಲೆ ಲೆನ್ಸ್ ಮುಟ್ಟಿ. ಟರ್ಕಿ ಟವೆಲ್ ಆದರೆ ನೂಲು ಅಂಟುತ್ತದೆ, ಹಳೇ ಕಾಟನ್ ಪಂಚೆಯ ತುಂಡು ಒಳ್ಳೆಯದು. ಹಸಿಮೆಣಸಿನಕಾಯಿ ಹೆಚ್ಚುವ ಕೆಲಸವಿದ್ದರೆ ಲೆನ್ಸ್ ಕೆಲಸ ಮೊದಲು ಮುಗಿಸಿ. ಖಾರ ಬರೀ ನೀರಿಗೆ ಹೋಗುವುದಿಲ್ಲ. ಅಡುಗೆ ಎಣ್ಣೆ ಸವರಿ ಆಮೇಲೆ ಸೋಪು ಹಾಕಿದರೆ ಹೋಗುತ್ತದೆ, ಆದರೂ ಪೂರ್ತಿ ನಂಬಬೇಡಿ.

ಚಪ್ಪಟೆ ಡಬ್ಬಿಯನ್ನು ಬೆಳಿಗ್ಗೆ ಚೆಲ್ಲಿ, ಸಲ್ಯೂಷನ್‌ನಿಂದಲೇ ಒಳಗೆ ಬೆರಳಾಡಿಸಿ ತೊಳೆದು, ಟಿಶ್ಯೂ ಮೇಲೆ ಬೋರಲು ಹಾಕಿ. ಮುಚ್ಚಳವೂ ಬೋರಲು. ಬಚ್ಚಲುಮನೆಯಲ್ಲಿ ಬೇಡ. ನಮ್ಮ ಮಾವನ ಮಗಳ ಡಬ್ಬಿಯನ್ನು ಒಮ್ಮೆ ತೆಗೆದು ನೋಡಿದ್ದೆ. ಮೇಲಿಂದ ಫಳಫಳ. ಒಳಗೆ ಬೆರಳಾಡಿಸಿದರೆ ಬೆಂಡೆಕಾಯಿ ಹೆಚ್ಚಿದ ಹಾಗೆ ಲೋಳೆ. ಎಷ್ಟು ದಿನದ್ದೇ ಇದು ಅಂದರೆ ‘ಮದುವೆಗೆ ಮುಂಚೆ ತಗೊಂಡಿದ್ದು’ ಅಂದಳು. ಮದುವೆಯಾಗಿ ಎರಡು ವರ್ಷ! ಮೂರು ತಿಂಗಳಿಗೊಮ್ಮೆ ಡಬ್ಬಿ ಬದಲಿಸಲೇಬೇಕು. ಲೆನ್ಸ್ ಬದಲಿಸುವ ದಿನವೇ ಡಬ್ಬಿಯೂ ಅಂತ ಇಟ್ಟುಕೊಂಡರೆ ಮರೆಯುವುದಿಲ್ಲ. ಬಾಟಲಿ ತೆರೆದ ತಾರೀಖನ್ನೂ ಮಾರ್ಕರ್‌ನಲ್ಲಿ ಬರೆದಿಡಿ, ತೆರೆದ ಮೇಲೆ ಎಷ್ಟು ದಿನ ಅಂತ ಪ್ರತಿ ಬಾಟಲಿಗೂ ಲೆಕ್ಕವಿದೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆಯವರು ಬಾಟಲಿಯನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಒಂದು ಸಲ್ಯೂಷನ್‌ನಿಂದ ಇನ್ನೊಂದಕ್ಕೆ ಹೋಗುವಾಗ ನಿಮ್ಮ ಆಪ್ಟೊಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಿ ಲೆನ್ಸ್ ಕೊಟ್ಟವರನ್ನು ಒಂದು ಮಾತು ಕೇಳಿ. ಹಬ್ಬದ ಆಫರ್ ನೋಡಿ ಬದಲಿಸುವ ವಸ್ತು ಇದಲ್ಲ. ಬದಲಿಸಿದ ಮೊದಲ ವಾರ ಕಣ್ಣನ್ನು ಗಮನಿಸಿ. ಸ್ವಲ್ಪ ಉರಿ ಬಂದರೆ ಸಲ್ಯೂಷನ್ ಒಗ್ಗಲಿಲ್ಲ ಅಂತಷ್ಟೇ ಇರಬಹುದು. ಆದರೆ ಲೆನ್ಸ್ ತೆಗೆದ ಮೇಲೂ ನೋವು ಇಳಿಯುತ್ತಿಲ್ಲ, ಬೆಳಕು ನೋಡಲಾಗುತ್ತಿಲ್ಲ, ಪಿಸುರು ಬರುತ್ತಿದೆ, ದೃಷ್ಟಿ ಮಂಜಾಗಿದೆ ಅಂದರೆ ಅದು ಬೇರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತರಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಎರಡು ದಿನ ಕೆಂಪು ಇಳಿದ ಹಾಗೆ ಕಾಣುತ್ತದೆ, ಒಳಗೆ ಸೋಂಕು ಹಬ್ಬುತ್ತಿರುತ್ತದೆ. ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ. ಹೋಗುವಾಗ ತೆಗೆದ ಲೆನ್ಸ್, ಡಬ್ಬಿ, ಬಾಟಲಿ ಮೂರನ್ನೂ ಒಂದು ಕವರಿನಲ್ಲಿ ಹಾಕಿಕೊಳ್ಳಿ. ಡಾಕ್ಟರಿಗೆ ತೋರಿಸಬೇಕಲ್ಲ, ನಾಚಿಕೆ ಅಂತ ಡಬ್ಬಿ ತೊಳೆದುಬಿಡಬೇಡಿ. ಅದರಲ್ಲಿ ಏನು ಬೆಳೆದಿದೆ ಅಂತ ಲ್ಯಾಬಿನವರು ನೋಡಬೇಕು.